ಎರಡು ಹೆದ್ದಾರಿಗಳ ನಡುವಣ ಹರವೆ ಸೀಮೆ

ಒಂದು ನಾಡಿನ ಚರಿತ್ರೆಯನ್ನು ಅರಿಯಬಯಸುವವರು ಸಾಮಾನ್ಯವಾಗಿ ಅದರ ಕೋಟೆ ಕೊತ್ತಲಗಳನ್ನೂ ಶಿಲಾಶಾಸನಗಳನ್ನೂ ಪರಿಶೀಲಿಸುತ್ತಾರೆ. ಆದರೆ ಜನಸಾಮಾನ್ಯರ ಬಾಳುವೆಯ ಚರಿತ್ರೆ ಬಹುಮಟ್ಟಿಗೆ ಅಡಗಿರುವುದು ಅವರು ನಡೆದ ದಾರಿಗಳಲ್ಲಿ. ಯಾವ ದಾರಿಯಲ್ಲಿ ದವಸ ಸಾಗಿತು, ಯಾವ ದಾರಿಯಲ್ಲಿ ಸೈನ್ಯ ಬಂದಿತು, ಯಾವ ದಾರಿ ಹಿಡಿದು ಊರಿನ ಮಕ್ಕಳು ಕೂಲಿಗೆ ಹೊರಟರು ಎಂಬುದನ್ನು ತಿಳಿದರೆ ಆ ಊರಿನ ಏಳುಬೀಳುಗಳು ತಿಳಿದಂತೆಯೇ ಸರಿ. ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ಚರಿತ್ರೆಯೊಡನೆ ಅದರ ಜನರು ಉತ್ತು ಬಿತ್ತಿ ಬದುಕಿದ ನೆಲದ ಚರಿತ್ರೆಗೂ ಕೊಂಚ ಸ್ಥಳ ದೊರೆಯುವುದು ಉಚಿತವೆಂಬ ಭಾವನೆಯಿಂದ ಈ ಲೇಖನವನ್ನು ಬರೆಯಲಾಗಿದೆ.

ಹರವೆಯು ಚಾಮರಾಜನಗರ ತಾಲೂಕಿನ ಒಂದು ಹೋಬಳಿ. ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿದರೆ ಇದರ ವಿಶೇಷ ಸ್ಪಷ್ಟವಾಗುತ್ತದೆ. ಪಡುವಣಕ್ಕೆ ನಂಜನಗೂಡಿನಿಂದ ಬೇಗೂರು ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿ. ಮೂಡಣಕ್ಕೆ ನಂಜನಗೂಡಿನಿಂದ ಚಾಮರಾಜನಗರಕ್ಕೆ ಬರುವ ರಸ್ತೆ ಮತ್ತು ರೈಲುಹಾದಿ. ತೆಂಕಣಕ್ಕೆ ಚಾಮರಾಜನಗರವನ್ನೂ ಗುಂಡ್ಲುಪೇಟೆಯನ್ನೂ ಕೂಡಿಸುವ ತೆರಕಣಾಂಬಿಯ ರಸ್ತೆ. ಈ ತ್ರಿಕೋನದ ಒಡಲಲ್ಲಿ ಹರವೆ ಸೀಮೆ ಇದೆ. ದೊಡ್ಡ ದಾರಿಗಳು ಸುತ್ತಲೂ ಹಾದುಹೋಗಿವೆ. ಆದರೆ ಒಳನಾಡಿನ ಹಳ್ಳಿಗಳಿಗೆ ಆ ದಾರಿಗಳ ಫಲ ತಾನಾಗಿ ಹರಿದು ಬಂದಿಲ್ಲ. ರಸ್ತೆಯ ಪ್ರಯೋಜನ ಊರಿಗೆ ದಕ್ಕಬೇಕಾದರೆ ಊರವರು ಒಟ್ಟಿಗೆ ಕುಳಿತು ತಮ್ಮ ನೀರು, ನೆಲ, ದುಡಿಮೆಗಳ ವಿಚಾರವಾಗಿ ಮೊದಲೇ ತೀರ್ಮಾನಿಸಿಕೊಂಡಿರಬೇಕು. ಈ ಸೀಮೆಯ ಚರಿತ್ರೆ ಕಲಿಸುವ ಮುಖ್ಯ ಪಾಠ ಇದೆಂದು ನನ್ನ ನಂಬಿಕೆ. ಅದನ್ನು ಕಾಲಾನುಕ್ರಮವಾಗಿ ವಿವರಿಸುವೆನು.

ಹಳೆಯ ದಾರಿಗಳು

ಮೈಸೂರು ಪ್ರಸ್ಥಭೂಮಿಯ ತೆಂಕಣ ಅಂಚಿನಲ್ಲಿರುವ ನಮ್ಮ ಸೀಮೆ ಪುರಾತನ ಕಾಲದಿಂದಲೂ ಮೂರು ನಾಡುಗಳ ಕೂಡುದಾರಿಯಾಗಿತ್ತು. ಗಜ್ಜಲಹಟ್ಟಿ ಕಣಿವೆಯ ಮೂಲಕ ಕೊಯಮತ್ತೂರಿನ ಬಯಲಿಗೂ, ವಯನಾಡಿನ ಮೂಲಕ ಮಲಬಾರಿಗೂ, ಮುದುಮಲೆಯ ಕಾಡಿನ ಮೂಲಕ ನೀಲಗಿರಿಗೂ ಇಲ್ಲಿಂದ ಹಾದಿಗಳಿದ್ದವು. ತ್ರಿಕದಂಬಪುರವೆಂದು ಹೆಸರಾಗಿದ್ದ ತೆರಕಣಾಂಬಿಯು ಒಂದು ಕಾಲಕ್ಕೆ ಪಾಳೆಯಗಾರರೂ ಅರಸರೂ ಕಣ್ಣಿಟ್ಟ ಪಟ್ಟಣ. ಹರವೆಯ ನೆರೆಯ ಮಲೆಯೂರಿನ ಕನಕಗಿರಿಯು ಜೈನರ ಪವಿತ್ರ ಕ್ಷೇತ್ರ. ಪೂಜ್ಯಪಾದ ಆಚಾರ್ಯರ ಹೆಸರು ಆ ಬೆಟ್ಟದೊಡನೆ ಸೇರಿಕೊಂಡಿದೆ. ಹರವೆಯಲ್ಲಿ ವಿರಕ್ತಮಠವಿದೆ. ಯಾತ್ರಿಕರು, ವರ್ತಕರು, ಜಂಗಮರು, ದಂಡಾಳುಗಳು ಎಲ್ಲರೂ ಈ ನೆಲವನ್ನು ತುಳಿದವರೇ.

ಗುಂಡ್ಲುಪೇಟೆಗೆ ಮಹತ್ವ ಬಂದುದು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ. ಅಲ್ಲಿ ಮರಣ ಹೊಂದಿದ ತಮ್ಮ ತಂದೆಯವರ ನೆನಪಿಗಾಗಿ ಅವರು ಅಪರಿಮಿತ ಪರವಾಸುದೇವ ದೇವಾಲಯವನ್ನು ಕಟ್ಟಿಸಿ ಅಗ್ರಹಾರವನ್ನು ಸ್ಥಾಪಿಸಿದರು. ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಗಜ್ಜಲಹಟ್ಟಿಯ ಕಣಿವೆ ಸೈನ್ಯಗಳ ಹೆದ್ದಾರಿಯಾಯಿತು. 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರ ಜನ್ಮಸ್ಥಳವಾದ ಅರಿಕುಠಾರಕ್ಕೆ ಚಾಮರಾಜನಗರವೆಂದು ನಾಮಕರಣ ಮಾಡಿ, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಪೂರೈಸಿದರು.

ಆಂಗ್ಲ ಕಮಿಷನರುಗಳ ಆಳಿಕೆಯಲ್ಲಿ, ವಿಶೇಷವಾಗಿ 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಅವಧಿಯಲ್ಲಿ, ಮೈಸೂರು ಸಂಸ್ಥಾನದಲ್ಲಿ 1500 ಮೈಲಿಗೂ ಮಿಕ್ಕಿದ ರಸ್ತೆಗಳು ನಿರ್ಮಾಣವಾದವು. ಉದಕಮಂಡಲವು ಮದರಾಸು ಸರ್ಕಾರದ ಬೇಸಿಗೆಯ ರಾಜಧಾನಿಯಾದ ಮೇಲೆ ಮೈಸೂರಿನಿಂದ ಗುಂಡ್ಲುಪೇಟೆಯ ಮೂಲಕ ಬೆಟ್ಟವೇರುವ ದಾರಿಗೆ ಹೊಸ ಕಳೆ ಬಂದಿತು. ಒಂದು ಅಂಶವನ್ನು ಗಮನಿಸಬೇಕು. ಈ ದಾರಿಗಳಲ್ಲಿ ಒಂದನ್ನೂ ಇಲ್ಲಿನ ರೈತನ ದವಸಕ್ಕಾಗಿ ಹಾಕಿದ್ದಲ್ಲ. ಒಂದು ದಂಡಿಗಾಗಿ, ಇನ್ನೊಂದು ದೊರೆಗಳ ಸವಾರಿಗಾಗಿ, ಮತ್ತೊಂದು ಬೇಸಿಗೆಯ ತಂಪನ್ನು ಅರಸಿ ಹೋಗುವವರಿಗಾಗಿ. ಪ್ರಯಾಣಿಕರು ಊರಿನ ಪಕ್ಕದಲ್ಲಿ ಹಾದುಹೋದರು; ಊರು ತನ್ನ ಕೆರೆಯ ನೀರನ್ನೂ ಹೊಲದ ರಾಗಿ, ಜೋಳ, ಹುರಳಿಗಳನ್ನೂ ನಂಬಿಕೊಂಡು ಉಳಿಯಿತು.

ರೈಲು, ರೇಷ್ಮೆ ಮತ್ತು ಸಮಿತಿಗಳ ಕಾಲ

ಜನರ ಅಭಿಪ್ರಾಯವನ್ನು ಕೇಳಿ ಆರ್ಥಿಕ ಯೋಜನೆಯನ್ನು ರೂಪಿಸಬೇಕೆಂಬ ವಿಚಾರ ಮೈಸೂರಿಗೆ ಹೊಸದೇನಲ್ಲ. 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಸ್ಥಾಪನೆಯಾಯಿತು. ಮುಂದಿನ ವರ್ಷ ದಿವಾನರಾದ ಸರ್ ಎಂ. ವಿಶ್ವೇಶ್ವರಯ್ಯನವರು ಇದರ ಜೀವಾಳವಾಗಿದ್ದರು. ವ್ಯವಸಾಯ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯಗಳಿಗೆ ಪ್ರತ್ಯೇಕ ಸಮಿತಿಗಳು ಏರ್ಪಟ್ಟು, ಅಧಿಕಾರಿಗಳೊಡನೆ ಅಧಿಕಾರಿಗಳಲ್ಲದವರೂ ಕುಳಿತು ನಾಡಿನ ಸ್ಥಿತಿಗತಿಗಳನ್ನು ಚರ್ಚಿಸಿದರು. ಅದೇ 1911ರಲ್ಲಿ ಜಾರಿಗೆ ಬಂದ ಕೆರೆ ಪಂಚಾಯಿತಿ ಕಾನೂನು ಕೆರೆಗಳ ರಕ್ಷಣೆಯನ್ನು ಅಚ್ಚುಕಟ್ಟುದಾರರ ಕೈಗೆ ಒಪ್ಪಿಸಲು ಯತ್ನಿಸಿತು. ಮುಂದೆ 1926ರಲ್ಲಿ ಗ್ರಾಮ ಪಂಚಾಯಿತಿಗಳ ಕಾನೂನೂ ಬಂದಿತು.

ಈ ಕಾನೂನುಗಳಿಗಿಂತ ಮುಂಚೆಯೇ ನಮ್ಮ ಹಳ್ಳಿಗಳಲ್ಲಿ ಸಾಮೂಹಿಕ ವ್ಯವಸ್ಥೆ ಇದ್ದೇ ಇತ್ತು. ನೀರುಗಂಟಿಯು ತೂಬನ್ನು ಎತ್ತಿ ಗದ್ದೆಗದ್ದೆಗೆ ಸರದಿಯಂತೆ ನೀರು ಹಾಯಿಸುತ್ತಿದ್ದನು. ಕೆರೆಯ ಹೂಳೆತ್ತುವುದಕ್ಕೆ ಮನೆಗೊಂದಾಳು ಬರಬೇಕಾಗಿತ್ತು. ಯಜಮಾನರು ಚಾವಡಿಯಲ್ಲಿ ಸೇರಿ ತಕರಾರುಗಳನ್ನು ತೀರ್ಮಾನಿಸುತ್ತಿದ್ದರು. ಆದರೆ ಈ ಹಳೆಯ ಕೂಟಗಳನ್ನು ಬರಿಯ ಹೊಗಳಿಕೆಯಿಂದ ನೆನೆಯುವುದು ಸತ್ಯಕ್ಕೆ ದೂರವಾದೀತು. ಚಾವಡಿಯ ಜಗಲಿಯ ಮೇಲೆ ಹೆಂಗಸರಿಗೆ ಸ್ಥಳವಿರಲಿಲ್ಲ. ಹೂಳು ಹೊರುವುದರಲ್ಲಿ ಮುಂದಾಗಿದ್ದ ಹೊಲೆಮಾದಿಗರ ಕೇರಿಯವರಿಗೆ ಆ ಜಗಲಿಯನ್ನು ಏರುವ ಹಕ್ಕಿರಲಿಲ್ಲ. ದುಡಿಮೆ ಎಲ್ಲರದು, ತೀರ್ಮಾನ ಕೆಲವರದು ಎಂಬ ಈ ಅನ್ಯಾಯ ಕಾನೂನಿನ ಬಲದಿಂದ ಸಡಿಲವಾಗುವುದಕ್ಕೆ ಮುಂದೆ ಎಷ್ಟೋ ದಶಕಗಳು ಬೇಕಾದವು.

ರೈಲುಹಾದಿಯು ನಂಜನಗೂಡಿನಿಂದ ಚಾಮರಾಜನಗರಕ್ಕೆ ಮುಂದುವರಿದದ್ದು 1926ರಲ್ಲಿ. ಅಲ್ಲಿಂದ ಅದು ಕಾಡು ದಾಟಿ ತಮಿಳುನಾಡಿನ ಬಯಲಿಗೆ ಇಳಿಯಬೇಕೆಂಬ ಬೇಡಿಕೆ ಬಹುಕಾಲದಿಂದಲೂ ಇದೆ. ಅರಣ್ಯದ ಕಾರಣದಿಂದ ಅದು ಕೈಗೂಡಿಲ್ಲ. ರೈಲು ಬಂದ ಕಾಲದಲ್ಲಿ ಈ ಸೀಮೆಯ ಕೈಯಲ್ಲಿ ಹಣ ಓಡಾಡುವಂತೆ ಮಾಡಿದ ಬೆಳೆ ಹಿಪ್ಪುನೇರಳೆ. ಮಳೆ ಕಡಿಮೆಯಾದರೂ ಸೊಪ್ಪು ಕೊಡುವ ಈ ಗಿಡ, ಮನೆಯೊಳಗೆ ಚಂದ್ರಿಕೆ, ತಟ್ಟೆಗಳಲ್ಲಿ ಸಾಕುವ ಹುಳು, ಹೆಂಗಸರು ಮಕ್ಕಳೆಲ್ಲರ ದುಡಿಮೆ, ಇವು ಸೇರಿ ಚಿಕ್ಕ ಹಿಡುವಳಿಯವರಿಗೂ ವರ್ಷದಲ್ಲಿ ಹಲವು ಬಾರಿ ಕಾಸು ಕಾಣಿಸುತ್ತಿದ್ದವು. ಚಾಮರಾಜನಗರ, ಸಂತೆಮರಹಳ್ಳಿ, ಮಾಂಬಳ್ಳಿ, ಕೊಳ್ಳೇಗಾಲಗಳಲ್ಲಿ ಸರ್ಕಾರದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಗಳಿದ್ದವು. ಗೂಡು ಬೆಳೆದ ಜಿಲ್ಲೆಯಲ್ಲಿಯೇ ನೂಲು ತೆಗೆಯುವ ಏರ್ಪಾಡಿದ್ದುದರಿಂದ ಲಾಭದ ಒಂದು ಪಾಲು ಇಲ್ಲಿಯೇ ಉಳಿಯಿತು. ಕಾಲಕ್ರಮದಲ್ಲಿ ಬರಗಾಲಗಳೂ ಅಗ್ಗದ ಚೀನಾ ರೇಷ್ಮೆಯ ಆಮದೂ ಸೇರಿ ಬೆಲೆ ಕುಸಿದಾಗ ರೈತರು ಹಿಪ್ಪುನೇರಳೆಯ ತೋಟಗಳನ್ನು ಕಿತ್ತುಹಾಕಿದರು. ದೂರದ ಪೇಟೆಯ ಬೆಲೆ ಹತ್ತಿರದ ಹೊಲದ ಬೇರನ್ನು ಕೀಳಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಯೋಜನೆ ಯಾರದು?

ಸ್ವಾತಂತ್ರ್ಯಾನಂತರ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಜನರು ಸರ್ಕಾರದ ಕೆಲಸಕ್ಕೆ ಪಾಲುದಾರರಾಗಲಿಲ್ಲವೆಂದು 1957ರಲ್ಲಿ ಬಲವಂತರಾಯ ಮೆಹತಾ ಸಮಿತಿಯು ವರದಿ ಕೊಟ್ಟು, ಚುನಾಯಿತ ಪಂಚಾಯಿತಿಗಳ ಕೈಗೆ ಅಧಿಕಾರ ಕೊಡಬೇಕೆಂದು ಸೂಚಿಸಿತು. ಅದರ ಬೆನ್ನಿಗೆ ನಮ್ಮಲ್ಲಿ 1959ರ ಕಾಯಿದೆ ಬಂದಿತು. ಆದರೂ ರಸ್ತೆ ಎಲ್ಲಿ ಹಾಯಬೇಕು, ಕೆರೆಗೆ ಎಷ್ಟು ಹಣ ಬರಬೇಕು ಎಂಬ ನಿರ್ಧಾರಗಳು ಮೇಲಿನಿಂದಲೇ ಇಳಿದು ಬರುತ್ತಿದ್ದವು.

ಇದನ್ನು ಬದಲಾಯಿಸಲು ಧೈರ್ಯ ತೋರಿದವರು ಸಚಿವ ಅಬ್ದುಲ್ ನಜೀರ್ ಸಾಬರು. ಕೊಳವೆಬಾವಿಗಳನ್ನು ಕೊರೆಸಿ ‘ನೀರು ಸಾಬ್’ ಎಂದು ಹಳ್ಳಿಗರ ಬಾಯಲ್ಲಿ ಹೆಸರಾದ ಅವರ ಪ್ರಯತ್ನದಿಂದ 1983ರ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿ ಕಾಯಿದೆ ರೂಪುಗೊಂಡು, 1987ರಲ್ಲಿ ಚುನಾವಣೆ ನಡೆಯಿತು. ಹೆಂಗಸರಿಗೆ ಶೇಕಡಾ 25ರಷ್ಟು ಸ್ಥಾನಗಳನ್ನು ಅದು ಮೀಸಲಿರಿಸಿತು. ಸಂವಿಧಾನದ 73ನೆಯ ತಿದ್ದುಪಡಿಯ ಬಳಿಕ ಬಂದ 1993ರ ಕಾಯಿದೆಯು ಗ್ರಾಮಸಭೆಗೆ ಸ್ಥಾನ ಕೊಟ್ಟಿತು. 2010ರಿಂದ ಹೆಂಗಸರ ಮೀಸಲು ಶೇಕಡಾ 50ಕ್ಕೆ ಏರಿತು. ಚಾವಡಿಯ ಜಗಲಿಯನ್ನು ಏರಲಾಗದವರು ಪಂಚಾಯಿತಿಯ ಅಧ್ಯಕ್ಷಪೀಠದಲ್ಲಿ ಕುಳಿತದ್ದು ಈ ಕಾಲದ ದೊಡ್ಡ ಬದಲಾವಣೆ.

ಇದೇ ಕಾಲದಲ್ಲಿ ರೈತರೂ ಸಂಘಟಿತರಾದರು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘಕ್ಕೆ ನಮ್ಮ ಸೀಮೆಯಲ್ಲಿ ಆಳವಾದ ಬೇರುಗಳಿವೆ. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂಬ ಫಲಕಗಳು ಹಳ್ಳಿಗಳ ಬಾಗಿಲಲ್ಲಿ ನಿಂತದ್ದನ್ನು ಹಿರಿಯರು ಮರೆತಿರಲಾರರು. ಸಂಘದ ನಾಯಕರಾದ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರು ಚಾಮರಾಜನಗರದ ಬಳಿಯ ಹೊಂಡರಬಾಳಿನಲ್ಲಿ ಅಮೃತಭೂಮಿಗೆ ಅಡಿಪಾಯ ಹಾಕಿದರು. ಬೆಟ್ಟದ ಕಡೆ, ಬಿಳಿಗಿರಿರಂಗನಬೆಟ್ಟದಲ್ಲಿ, ಡಾ. ಎಚ್. ಸುದರ್ಶನರು 1981ರಲ್ಲಿ ಸೋಲಿಗರ ನಡುವೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. 2006ರ ಅರಣ್ಯ ಹಕ್ಕುಗಳ ಕಾಯಿದೆಯನ್ವಯ 2011ರಲ್ಲಿ ಅಲ್ಲಿನ ಸೋಲಿಗರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಗ್ರಾಮಸಭೆ ಎಂಬುದು ಹಾಜರಿ ಪುಸ್ತಕಕ್ಕೆ ಸಹಿ ಮಾಡುವ ಕೂಟವಲ್ಲ, ಅದು ಹಕ್ಕನ್ನು ಪಡೆಯಬಲ್ಲ ಸಂಸ್ಥೆ ಎಂದು ನಮ್ಮದೇ ಜಿಲ್ಲೆಯ ಕಾಡಿನ ಮಕ್ಕಳು ತೋರಿಸಿಕೊಟ್ಟರು. ಬಯಲಿನ ನಾವು ಅವರಿಂದ ಕಲಿಯಬೇಕಾದುದು ಬಹಳವಿದೆ.

1997ರ ಆಗಸ್ಟ್ 15ರಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆ ಉದಯವಾಯಿತು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದಾಗ ಹೊಸ ಜಿಲ್ಲೆಯ ತಾಲೂಕುಗಳೂ ಆ ಪಟ್ಟಿಯಲ್ಲಿದ್ದವು. ಹೆದ್ದಾರಿಗಳು ಹಾದುಹೋಗಿದ್ದರೂ ಹಿಂದುಳಿದ ನಾಡು ಎಂಬ ಈ ವಿರೋಧಾಭಾಸವನ್ನು ನಾವು ಚಿಂತಿಸಬೇಕು.

ಹೂವಿನ ಹೊಲ, ಕೇರಳದ ಪೇಟೆ

ಇಂದು ನಮ್ಮ ಸುತ್ತಣ ಹೆದ್ದಾರಿಗಳು ಮುಖ್ಯವಾಗಿ ಮೂರು. ಕೋಳಿಕ್ಕೋಡಿನಿಂದ ಗುಂಡ್ಲುಪೇಟೆ, ಮೈಸೂರುಗಳ ಮೂಲಕ ಕೊಳ್ಳೇಗಾಲಕ್ಕೆ ಹೋಗುವ 766ನೆಯ ರಾಷ್ಟ್ರೀಯ ಹೆದ್ದಾರಿ, ಇದರ ಹಳೆಯ ಸಂಖ್ಯೆ 212. ಗುಂಡ್ಲುಪೇಟೆಯಿಂದ ಉದಕಮಂಡಲದ ಕಡೆಗೆ ಇಳಿಯುವ 181ನೆಯದು, ಹಳೆಯ 67. ಬೆಂಗಳೂರಿನಿಂದ ಚಾಮರಾಜನಗರ, ದಿಂಬಂ ಘಟ್ಟಗಳ ಮೂಲಕ ಕೊಯಮತ್ತೂರಿಗೆ ಹೋಗುವ 948ನೆಯದು, ಹಳೆಯ 209.

ಈ ರಸ್ತೆಗಳಿಂದ ರೈತನಿಗೆ ಒದಗಿದ ನಿಜವಾದ ಲಾಭವೆಂದರೆ ತರಕಾರಿಯ ಪೇಟೆ. ತೆರಕಣಾಂಬಿ ಮತ್ತು ಗುಂಡ್ಲುಪೇಟೆಗಳ ಮಾರುಕಟ್ಟೆಗೆ ಕೇರಳ, ತಮಿಳುನಾಡುಗಳ ವ್ಯಾಪಾರಿಗಳು ಬರುತ್ತಾರೆ. ಟೊಮೇಟೊ, ಬೀನ್ಸು, ಎಲೆಕೋಸು, ಸಾಂಬಾರ್ ಈರುಳ್ಳಿ, ನೇಂದ್ರ ಬಾಳೆ, ಇವು ಬೆಳಗ್ಗೆ ಹೊಲದಲ್ಲಿದ್ದು ಮರುದಿನ ಮಲಯಾಳಿ ಮನೆಗಳ ಅಡಿಗೆಗೆ ಒದಗುತ್ತವೆ. ಬಣ್ಣ ತೆಗೆಯುವ ಕಾರ್ಖಾನೆಗಳ ಒಪ್ಪಂದದ ಮೇಲೆ ಚೆಂಡುಹೂವಿನ ಬೇಸಾಯವೂ ಬಂದಿತು. ಜೂನ್, ಜುಲೈ ತಿಂಗಳುಗಳಲ್ಲಿ ಗುಂಡ್ಲುಪೇಟೆಯ ರಸ್ತೆಯ ಇಕ್ಕೆಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂಗಳು ಅರಳಿ ನಿಂತಾಗ ಪ್ರವಾಸಿಗಳು ಕಾರು ನಿಲ್ಲಿಸಿ ಚಿತ್ರ ತೆಗೆಸಿಕೊಳ್ಳುತ್ತಾರೆ. ಗಿಡ ತುಳಿದು ಹಾಳು ಮಾಡುವವರನ್ನು ಕಂಡು ಬೇಸತ್ತ ರೈತರು ಹೊಲದೊಳಗೆ ಇಳಿಯಲು ಶುಲ್ಕ ವಸೂಲು ಮಾಡತೊಡಗಿದರು. ದಾರಿಹೋಕರ ನೋಟಕ್ಕೂ ಬೆಲೆಯಿದೆಯೆಂದು ಕಂಡುಕೊಂಡ ಈ ಜಾಣತನ ಮೆಚ್ಚತಕ್ಕದ್ದೇ.

ಆದರೆ ಒಂದೇ ದಾರಿಯನ್ನೂ ಒಂದೇ ಪೇಟೆಯನ್ನೂ ನಂಬಿದ ಬೇಸಾಯದ ಅಪಾಯವೂ ಬೆಳಕಿಗೆ ಬಂದಿದೆ. 2018ರ ಮಹಾಪೂರದಿಂದಾಗಿ ಕೇರಳ ಸರ್ಕಾರವು ಓಣಂ ಆಚರಣೆಯನ್ನು ಕೈಬಿಟ್ಟಿತು. 2020ರಲ್ಲಿ ಕೊರೋನಾ ವ್ಯಾಧಿಯಿಂದಾಗಿ ಗಡಿಗಳು ಮುಚ್ಚಿದವು. 2024ರ ಜುಲೈ 30ರಂದು ವಯನಾಡಿನಲ್ಲಿ ಭೂಕುಸಿತದ ಮಹಾದುರಂತ ನಡೆದು ಮತ್ತೆ ಸರ್ಕಾರಿ ಓಣಂ ಆಚರಣೆ ನಿಂತಿತು. ಅಲ್ಲಿ ಹಬ್ಬದ ಹೂವಿಗೆ ಕೈ ಚಾಚುವವರಿಲ್ಲವಾದರೆ ಇಲ್ಲಿ ಹೊಲದ ಹೂವಿಗೆ ಬೆಲೆಯಿಲ್ಲ. ನೆರೆಯವರ ದುಃಖ ನಮ್ಮ ದುಃಖವೇ ಆಗುವಷ್ಟು ಹತ್ತಿರಕ್ಕೆ ರಸ್ತೆಯು ನಮ್ಮನ್ನು ತಂದಿದೆ. ಹಣ್ಣು, ತರಕಾರಿಗಳನ್ನು ವಿಂಗಡಿಸಿ ಕೆಡದಂತೆ ಇಡುವ, ಒಂದು ಪೇಟೆ ಮುಚ್ಚಿದರೆ ಇನ್ನೊಂದಕ್ಕೆ ಕಳುಹಿಸುವ ಏರ್ಪಾಡು ಒಬ್ಬೊಬ್ಬ ರೈತನಿಂದ ಆಗತಕ್ಕದ್ದಲ್ಲ. ಹಾಲಿನ ವಿಷಯದಲ್ಲಿ ಅದು ಸಾಧ್ಯವಾಗಿದೆ. ಹಳ್ಳಿಯ ಡೇರಿ ಸಂಘದಲ್ಲಿ ಒಂದೆರಡು ಲೀಟರು ಹಾಲು ಹಾಕುವ ಬಡ ಹೆಂಗಸಿಗೂ ಕ್ಲುಪ್ತ ಕಾಲಕ್ಕೆ ಹಣ ಬರುತ್ತದೆ. ಜಿಲ್ಲೆಯ ಹಾಲು ಕುದೇರಿನ ಘಟಕದಲ್ಲಿ ಸಂಸ್ಕರಣವಾಗಿ ದೂರದ ಊರುಗಳಿಗೂ ಹೋಗುತ್ತದೆ. ಭಾರತದ ಮೊದಲ ಸಹಕಾರ ಸಂಘವು 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಹುಟ್ಟಿದುದು ನಮ್ಮ ನಾಡಿನ ಹೆಮ್ಮೆ. ಹಾಲಿಗೆ ಆದುದು ಈರುಳ್ಳಿಗೆ, ಹೂವಿಗೆ, ಬಾಳೆಗೆ ಏಕೆ ಆಗಬಾರದು?

ನೀರಿನ ಪ್ರಶ್ನೆ

ನಮ್ಮ ಸೀಮೆಯು ಪಶ್ಚಿಮ ಘಟ್ಟಗಳ ಮಳೆಯ ನೆರಳಿನಲ್ಲಿದೆ. ಕೌಂಡಿನ್ಯ ನದಿಯೆಂಬ ಹಿರಿಯ ಹೆಸರುಳ್ಳ ಗುಂಡ್ಲುಹೊಳೆ ನಂಜನಗೂಡಿನ ಬಳಿ ಕಬಿನಿಯನ್ನು ಸೇರುತ್ತದೆ. ಬಹುಕಾಲದಿಂದ ಅದು ವರ್ಷದ ಹೆಚ್ಚು ಭಾಗ ಒಣಗಿಯೇ ಇರುತ್ತದೆ. 1974ರಲ್ಲಿ ಪೂರೈಸಿದ ಕಬಿನಿ ಅಣೆಕಟ್ಟಿನ ನಾಲೆಗಳು ತಗ್ಗಿನ ಭೂಮಿಗಳಿಗೆ ನೀರುಣಿಸಿದವು. ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ಚಾಮರಾಜನಗರದ ಮೂಡಣ ತೆಂಕಣ ಭಾಗಗಳಿಗೆ ಒದಗಿದವು. ಎತ್ತರದಲ್ಲಿರುವ ನಡುನಾಡಿಗೆ ಉಳಿದುದು ಮಳೆ, ಕೆರೆ ಮತ್ತು ಕೊಳವೆಬಾವಿ.

ಪೇಟೆಗೆ ತರಕಾರಿ ಬೆಳೆಯುವ ಆಸೆಯಿಂದ ಕೊಳವೆಬಾವಿಗಳು ಹೆಚ್ಚಿದಂತೆ ನೀರಿನ ಮಟ್ಟ ಪಾತಾಳಕ್ಕೆ ಇಳಿಯಿತು. ಗುಂಡ್ಲುಪೇಟೆ ತಾಲೂಕು ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲೂಕುಗಳ ಸಾಲಿಗೆ ಸೇರಿತು. ಕೇರಳದಿಂದ ಬಂದು ಭೂಮಿಯನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವ ಪದ್ಧತಿಯೂ ಹಬ್ಬಿತು. ಗುತ್ತಿಗೆಯ ಹಣ ಕೈಗೆ ಬರುವುದು ನಿಜ. ನೀರೂ ಮಣ್ಣಿನ ಸತ್ವವೂ ಖರ್ಚಾಗಿ ಹೋಗುವುದೂ ಅಷ್ಟೇ ನಿಜ. ರಸ್ತೆಯ ಮೇಲೆ ಲಾರಿಯಲ್ಲಿ ಹೊರಹೋಗುವ ಪ್ರತಿಯೊಂದು ಮೂಟೆ ತರಕಾರಿಯೊಡನೆ ನಮ್ಮ ನೆಲದ ನೀರೂ ಹೊರಹೋಗುತ್ತಿದೆಯೆಂಬುದನ್ನು ಮರೆಯಬಾರದು.

ಈಚಿನ ದಶಕಗಳಲ್ಲಿ ಆಲಂಬೂರಿನ ಬಳಿಯಿಂದ ಕಬಿನಿಯ ನೀರನ್ನು ಪಂಪುಗಳಿಂದ ಮೇಲೆತ್ತಿ ಕೆರೆಗಳನ್ನು ತುಂಬಿಸುವ ಯೋಜನೆ ಬಂದಿರುವುದು ಸಮಾಧಾನದ ಸಂಗತಿ. ಕೆರೆ ತುಂಬಿದರೆ ಸುತ್ತಣ ಬಾವಿಗಳಲ್ಲಿ ನೀರು ಊರುತ್ತದೆ. ಆದರೆ ತುಂಬಿದ ಕೆರೆಯನ್ನು ಕಾಪಾಡುವವರು ಯಾರು? ಹೂಳೆತ್ತುವುದು, ಒತ್ತುವರಿ ತಡೆಯುವುದು, ಕೆರೆಯ ಸುತ್ತ ಎಷ್ಟು ಕೊಳವೆಬಾವಿ ಇರಬೇಕೆಂದು ಗೊತ್ತುಮಾಡುವುದು, ಇವೆಲ್ಲ ಬೆಂಗಳೂರಿನಿಂದ ಆಗುವ ಕೆಲಸಗಳಲ್ಲ. 1911ರ ಕೆರೆ ಪಂಚಾಯಿತಿಯ ಆಶಯ ನೂರು ವರ್ಷಗಳ ಮೇಲೂ ಹೊಸದಾಗಿಯೇ ಉಳಿದಿದೆ.

ಬಂಡೀಪುರದ ರಾತ್ರಿ

ನಮ್ಮ ಹೆದ್ದಾರಿಗಳ ಇನ್ನೊಂದು ತುದಿ ಕಾಡು. 1973ರಲ್ಲಿ ಹುಲಿ ಯೋಜನೆಯಡಿ ಸೇರಿದ ಬಂಡೀಪುರದೊಳಗೆ 766ನೆಯ ಹೆದ್ದಾರಿ ಸುಮಾರು 20 ಕಿಲೋಮೀಟರು ಸಾಗುತ್ತದೆ. ರಾತ್ರಿಯ ವಾಹನಗಳಿಗೆ ಸಿಕ್ಕಿ ವನ್ಯಮೃಗಗಳು ಸಾಯುತ್ತಿದ್ದುದರಿಂದ 2009ರ ಜೂನ್ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವನ್ನು ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆ ಆಜ್ಞೆ ಹಿಂದೆಗೆಯಲ್ಪಟ್ಟಿತು. ಉಚ್ಚ ನ್ಯಾಯಾಲಯವು ಮಧ್ಯೆ ಪ್ರವೇಶಿಸಿ ನಿಷೇಧವನ್ನು ಮತ್ತೆ ಜಾರಿಗೆ ತಂದು, 2010ರ ಮಾರ್ಚಿಯಲ್ಲಿ ಅದನ್ನು ಎತ್ತಿಹಿಡಿಯಿತು. ತುರ್ತು ವಾಹನಗಳಿಗೂ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿ ದೊರೆಯಿತು. 2019ರಲ್ಲಿ ಹಗಲೂ ನಿಷೇಧ ಬರುವುದೆಂಬ ಆತಂಕದಿಂದ ವಯನಾಡಿನಲ್ಲಿ ಭಾರಿ ಚಳವಳಿ ನಡೆಯಿತು. 2022ರ ಫೆಬ್ರವರಿಯಲ್ಲಿ, ಮದರಾಸು ಉಚ್ಚ ನ್ಯಾಯಾಲಯದ ಆಜ್ಞೆಯಂತೆ, 27 ಕಡಿದಾದ ತಿರುವುಗಳ ದಿಂಬಂ ಘಟ್ಟದಲ್ಲಿಯೂ ರಾತ್ರಿ ಸಂಚಾರಕ್ಕೆ ತಡೆ ಬಿದ್ದಿತು.

ಮೂಕಪ್ರಾಣಿಗಳ ಜೀವವನ್ನು ಉಳಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಸೃಷ್ಟಿಯ ಪಾಲಕನಾಗಿ ನೇಮಕಗೊಂಡ ಮನುಷ್ಯನು ಅದರ ಭಕ್ಷಕನಾಗಬಾರದು. ವ್ಯಾಪಾರವೂ ಕಾಲಕ್ಕೆ ಹೊಂದಿಕೊಂಡಿತು. ಲಾರಿಗಳು ಸಂಜೆಯೊಳಗೆ ತುಂಬಿ 9ರ ಮೊದಲೇ ಗೇಟು ದಾಟುವುದು ರೂಢಿಯಾಯಿತು. ನಾನು ಹೇಳಬಯಸುವುದು ಬೇರೆ. ಈ ಹದಿನೈದು ವರ್ಷಗಳ ವಾದವಿವಾದಗಳಲ್ಲಿ ಸರ್ಕಾರಗಳು ಮಾತನಾಡಿದವು, ನ್ಯಾಯವಾದಿಗಳು ಮಾತನಾಡಿದರು, ಪ್ರಾಣಿಪ್ರಿಯರು, ವರ್ತಕರು ಮಾತನಾಡಿದರು. ರಸ್ತೆಬದಿಯ ಹಳ್ಳಿಗಳ ಗ್ರಾಮಸಭೆಗಳ ದನಿ ಎಷ್ಟು ಕೇಳಿಬಂದಿತು? 2012ರಲ್ಲಿ ಬಂಡೀಪುರದ ಸುತ್ತ ನೂರಕ್ಕೂ ಮಿಕ್ಕ ಹಳ್ಳಿಗಳನ್ನು ಪರಿಸರ ಸೂಕ್ಷ್ಮ ವಲಯವೆಂದು ಸಾರಿದಾಗ ಸ್ಥಳೀಯ ಜನರೊಡನೆ ಸಮಾಲೋಚಿಸಿ ವಲಯದ ಯೋಜನೆಯನ್ನು ಸಿದ್ಧಪಡಿಸಬೇಕೆಂಬ ವಿಧಿಯಿತ್ತು. ಸಮಾಲೋಚನೆಗೆ ಕರೆ ಬರಲಿ ಎಂದು ಕಾದು ಕೂಡುವವರಿಗಿಂತ, ತಮ್ಮ ಮಾತನ್ನು ಬರೆದಿಟ್ಟುಕೊಂಡು ಹೋಗುವವರಿಗೆ ಹೆಚ್ಚು ಬೆಲೆ ಬರುತ್ತದೆ.

ನೆಲ ಕೈತಪ್ಪಿದರೆ

ಹೆದ್ದಾರಿ ಅಗಲವಾದಂತೆಲ್ಲ ಅದರ ಬದಿಯ ನೆಲಕ್ಕೆ ಬೆಲೆ ಏರುತ್ತದೆ. 1974ರಲ್ಲಿ ಡಿ. ದೇವರಾಜ ಅರಸರ ಸರ್ಕಾರ ಜಾರಿಗೆ ತಂದ ಭೂಸುಧಾರಣೆಯು ಉಳುವವನಿಗೆ ಹೊಲವನ್ನು ಕೊಟ್ಟಿತು. ವ್ಯವಸಾಯಗಾರರಲ್ಲದವರು ವ್ಯವಸಾಯದ ಭೂಮಿಯನ್ನು ಕೊಳ್ಳದಂತೆ ತಡೆಯುತ್ತಿದ್ದ 79ಎ ಮತ್ತು 79ಬಿ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಒಂದು ತಲೆಮಾರು ಹೋರಾಡಿ ಪಡೆದ ಹೊಲವನ್ನು ಇನ್ನೊಂದು ತಲೆಮಾರು ಮಗಳ ಮದುವೆಗೋ ಕೈಸಾಲ ತೀರಿಸುವುದಕ್ಕೋ ಮಾರಿ, ಅದೇ ಹೊಲದಲ್ಲಿ ಏಳುವ ವಸತಿಗೃಹದ ಬಾಗಿಲು ಕಾಯುವ ಪರಿಸ್ಥಿತಿ ಬಂದರೆ ಅದನ್ನು ಅಭಿವೃದ್ಧಿಯೆನ್ನಲಾಗದು.

ಭೂಸ್ವಾಧೀನದ 2013ರ ಕಾಯಿದೆಯು ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ, ಖಾಸಗಿ ಉದ್ಯಮಕ್ಕೆ ಭೂಮಿ ಪಡೆಯುವಾಗ ಶೇಕಡಾ 80ರಷ್ಟು ಕುಟುಂಬಗಳ ಒಪ್ಪಿಗೆಯನ್ನೂ ಕಡ್ಡಾಯಗೊಳಿಸಿತು. ಆದರೆ 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆಯಡಿ ತೆಗೆದುಕೊಳ್ಳುವ ಭೂಮಿಗೆ ಪರಿಹಾರದ ವಿಧಿಗಳು ಅನ್ವಯಿಸುತ್ತವೆಯೇ ಹೊರತು ಆ ಅಧ್ಯಯನದ ವಿಧಿ ಅನ್ವಯಿಸುವುದಿಲ್ಲ. ಆದುದರಿಂದ ಹೆದ್ದಾರಿಯ ವಿಷಯದಲ್ಲಿ ಊರವರು ತಾವಾಗಿಯೇ ಎಚ್ಚೆತ್ತಿರಬೇಕಾಗುತ್ತದೆ.

ನಂಜನಗೂಡಿನ ರಸ್ತೆಯಲ್ಲಿ ಬದನಗುಪ್ಪೆ ಕೆಲ್ಲಂಬಳ್ಳಿಯ ಕೈಗಾರಿಕಾ ಪ್ರದೇಶವು ಸಾವಿರ ಎಕರೆಗೂ ಮಿಕ್ಕಿ ಹರಡಿದೆ. ಅಲ್ಲಿ ನಮ್ಮ ಯುವಕರಿಗೆ ಕುಶಲ ಕೆಲಸ ದೊರೆಯುವುದೋ, ಕಾವಲು ಮತ್ತು ಕೂಲಿ ಮಾತ್ರ ದೊರೆಯುವುದೋ ಎಂಬುದು ನಾವು ಇಂದು ಅವರಿಗೆ ಕೊಡಿಸುವ ತರಬೇತಿಯನ್ನು ಅವಲಂಬಿಸಿದೆ. ಬಂಡೆಯೂ ಈ ಸೀಮೆಯ ಸಂಪತ್ತು. 2022ರ ಮಾರ್ಚಿಯಲ್ಲಿ ಗುಂಡ್ಲುಪೇಟೆ ತಾಲೂಕಿನ ಮಡಹಳ್ಳಿಯ ಗುಡ್ಡದ ಗಣಿ ಕುಸಿದು ಕಾರ್ಮಿಕರು ಕಲ್ಲುಬಂಡೆಗಳಡಿ ಪ್ರಾಣ ಕಳೆದುಕೊಂಡರು. ರಸ್ತೆಗಳಿಗೆ ಹಾಸುವ ಜಲ್ಲಿಯ ಹಿಂದೆ ಎಂತೆಂತಹ ಬೆಲೆ ಇದೆಯೆಂಬುದನ್ನು ಆ ದಿನ ನೆನಪಿಸಿತು.

ಒಳ್ಳೆಯ ರಸ್ತೆಯೊಂದೇ ಸಾಲದೆಂಬುದಕ್ಕೆ ಇನ್ನೂ ದಾರುಣವಾದ ಸಾಕ್ಷಿ ಇದೆ. 2021ರ ಮೇ 2 ಮತ್ತು 3ರ ನಡುವೆ, ಆಮ್ಲಜನಕದ ಅಭಾವದ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ಒಂದೇ ದಿನದಲ್ಲಿ ತೀರಿಕೊಂಡರು. ಮೈಸೂರಿಗೆ ಕೇವಲ 60 ಕಿಲೋಮೀಟರು. ರಸ್ತೆ ಚೆನ್ನಾಗಿಯೇ ಇತ್ತು. ಉಸಿರಿಗೂ ದೂರದ ಊರನ್ನೇ ನಂಬಿದ ಜಿಲ್ಲೆಗೆ ಆ ರಾತ್ರಿ ರಸ್ತೆಯಿಂದ ರಕ್ಷಣೆ ದೊರೆಯಲಿಲ್ಲ. ಅಗಲಿದ ಆ ಜೀವಗಳಿಗೆ ಚಿರಶಾಂತಿ ದೊರೆಯಲಿ.

ನೆರೆಯವರಿಂದ ಕಲಿಯುವುದು

ನಮ್ಮ ಹೆದ್ದಾರಿಯ ಆಚೆ ತುದಿಯ ಕೇರಳದಲ್ಲಿ 1996ರಲ್ಲಿ ಜನಯೋಜನಾ ಆಂದೋಲನ ಆರಂಭವಾಯಿತು. ರಾಜ್ಯದ ಯೋಜನಾ ಹಣದ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳ ಕೈಗೆ ಕೊಟ್ಟು, ಊರವರೇ ತಮ್ಮ ಸಂಪನ್ಮೂಲಗಳನ್ನು ಲೆಕ್ಕಹಾಕಿ ಯೋಜನೆ ಬರೆಯುವಂತೆ ಮಾಡಲಾಯಿತು. 1998ರಲ್ಲಿ ಹೆಂಗಸರ ಕುಟುಂಬಶ್ರೀ ಸಂಘಗಳು ಹುಟ್ಟಿದವು. ಅಲ್ಲಿಯೂ ಕುಂದುಕೊರತೆಗಳು ಇಲ್ಲದಿಲ್ಲ; ಆದರೆ ಹಣ ಮೊದಲು ಬಂದಿತು, ಆಮೇಲೆ ಸಭೆಗೆ ಜನ ಬಂದರು. ನಮ್ಮಲ್ಲಿಯೂ 2000ದ ಸುಮಾರಿನಿಂದ ಸ್ತ್ರೀಶಕ್ತಿ ಸಂಘಗಳಿವೆ. ‘ನಮ್ಮ ಗ್ರಾಮ ನಮ್ಮ ಯೋಜನೆ’ ಎಂಬ ಹೆಸರಿನಲ್ಲಿ ಗ್ರಾಮ ಪಂಚಾಯಿತಿಯ ಯೋಜನೆಯನ್ನು ತಯಾರಿಸುವ ಕ್ರಮವಿದೆ. ಹೆಸರು ಸೊಗಸಾಗಿದೆ. ಅದು ಸಾರ್ಥಕವಾಗುವುದು ಗ್ರಾಮಸಭೆಯ ದಿನ ನಾವು ಹೊಲದ ಕೆಲಸ ಬಿಟ್ಟು ಹೋಗಿ ಕುಳಿತಾಗ.

1931ರಲ್ಲಿ ಜಗದ್ಗುರು ಹನ್ನೊಂದನೆಯ ಪಯಸ್ ಅವರು ತಮ್ಮ ವಿಶ್ವಪತ್ರದಲ್ಲಿ ಒಂದು ಸಾಮಾಜಿಕ ಸೂತ್ರವನ್ನು ವಿವರಿಸಿದರು. ಚಿಕ್ಕ ಸಮುದಾಯವು ತಾನೇ ಮಾಡಿಕೊಳ್ಳಬಲ್ಲ ಕೆಲಸವನ್ನು ದೊಡ್ಡ ಸಂಸ್ಥೆಯು ಕಿತ್ತುಕೊಳ್ಳುವುದು ಅನ್ಯಾಯ ಎಂಬುದು ಅದರ ತಿರುಳು. ಗಾಂಧೀಜಿಯವರ ಗ್ರಾಮಸ್ವರಾಜ್ಯದ ವಿಚಾರವೂ ಇದಕ್ಕೆ ಸಮೀಪವಾದುದೇ. ಈ ಸೂತ್ರಕ್ಕೆ ಇನ್ನೊಂದು ಮುಖವೂ ಇದೆ: ಚಿಕ್ಕ ಸಮುದಾಯವು ತನ್ನ ಕೆಲಸವನ್ನು ತಾನು ಮಾಡಲು ಸಿದ್ಧವಾಗಿರಬೇಕು.

ಮುಂದಿನ ದಾರಿ

ಆದುದರಿಂದ ನಮ್ಮ ಸೀಮೆಯ ಹಿರಿಯರಿಗೂ ಯುವಕ ಯುವತಿಯರಿಗೂ ನನ್ನ ಬಿನ್ನಹಗಳು ಇವು. ಮೊದಲನೆಯದಾಗಿ, ಪ್ರತಿ ಹಳ್ಳಿಯವರೂ ತಮ್ಮ ಕೆರೆ, ಕಟ್ಟೆ, ಗೋಮಾಳ, ಕೊಳವೆಬಾವಿಗಳ ಪಟ್ಟಿಯನ್ನು ತಾವೇ ತಯಾರಿಸಿ ಗ್ರಾಮಸಭೆಯಲ್ಲಿ ಓದಿಸಬೇಕು. ಎರಡನೆಯದಾಗಿ, ಹೆದ್ದಾರಿಗೆ ಹೊಂದಿದ ಸರ್ವೆ ನಂಬರುಗಳಲ್ಲಿ ಯಾವುದು ಮಾರಾಟವಾಗುತ್ತಿದೆ, ಏತಕ್ಕಾಗಿ ಎಂಬುದನ್ನು ಊರು ತಿಳಿದಿರಬೇಕು. ಮಾರಲೇಬೇಕಾದ ಬಡವನಿಗೆ ಸಾಲದ ನೆರವನ್ನು ಸಹಕಾರ ಸಂಘ ಒದಗಿಸಬೇಕು. ಮೂರನೆಯದಾಗಿ, ಹತ್ತಾರು ಹಳ್ಳಿಗಳು ಕೂಡಿ ತರಕಾರಿ ಮತ್ತು ಹೂವಿಗೆ ಡೇರಿಯ ಮಾದರಿಯ ಸಂಘವನ್ನು ಕಟ್ಟಬೇಕು. ನಾಲ್ಕನೆಯದಾಗಿ, ಹೆದ್ದಾರಿಯನ್ನು ಅಗಲ ಮಾಡುವ ಮುನ್ನ ಒಳನಾಡಿನಿಂದ ಹೆದ್ದಾರಿಗೆ ಸೇರುವ ಕಿರುದಾರಿಗಳನ್ನೂ ದನಕರು ದಾಟುವ ಸ್ಥಳಗಳನ್ನೂ ಶಾಲಾಮಕ್ಕಳ ಹಾದಿಯನ್ನೂ ಗುರುತಿಸಿಕೊಡಬೇಕು. ಐದನೆಯದಾಗಿ, ಈ ಎಲ್ಲ ಸಭೆಗಳಲ್ಲಿ ಕೊನೆಯ ಕೇರಿಯ ಹೆಂಗಸಿನ ಮಾತನ್ನು ಮೊದಲು ಕೇಳಬೇಕು. ನೀರು ಹೊರುವವಳಿಗೆ ನೀರಿನ ಲೆಕ್ಕ ಚೆನ್ನಾಗಿ ಗೊತ್ತು.

ಇವುಗಳಲ್ಲಿ ಒಂದಕ್ಕೂ ದೊಡ್ಡ ಬಂಡವಾಳ ಬೇಕಾಗಿಲ್ಲ; ಬೇಕಾದುದು ಜಾತಿಮತ ಭೇದವಿಲ್ಲದೆ ಒಟ್ಟಿಗೆ ಕುಳಿತುಕೊಳ್ಳುವ ಮನಸ್ಸು. ಹನಿಗೂಡಿದರೆ ಹಳ್ಳವೆಂಬುದು ನೀರಿನ ನಾಡಿಗಿಂತ ಬರದ ನಾಡಿಗೆ ಹೆಚ್ಚು ಒಪ್ಪುವ ಗಾದೆ. ಕಳೆದ ನೂರು ವರ್ಷಗಳಲ್ಲಿ ದಾರಿಗಳು ನಮ್ಮ ಬಳಿಗೆ ಬಂದವು. ಮುಂದಿನ ನೂರು ವರ್ಷಗಳಲ್ಲಿ ಆ ದಾರಿಗಳು ಎತ್ತ ಸಾಗಬೇಕೆಂಬುದನ್ನು ಹೇಳುವವರಲ್ಲಿ ನಾವೂ ಒಬ್ಬರಾಗೋಣ. ಹರವೆ ಸೀಮೆಯ ಹೊಲಗಳು ಹಸಿರಾಗಲಿ, ಕೆರೆಗಳು ತುಂಬಲಿ, ಕೂಲಿ ಅರಸಿ ಊರು ಬಿಟ್ಟವರ ಮನೆಗಳಲ್ಲಿ ಮತ್ತೆ ದೀಪ ಬೆಳಗಲಿ ಎಂದು ಸರ್ವಶಕ್ತನಾದ ಭಗವಂತನಲ್ಲಿ ಪ್ರಾರ್ಥಿಸುತ್ತೇನೆ.